ಆಕ್ಸ್‌ಫರ್ಡಿನ ಹಸಿರು ಮೇರೆ

ಆಕ್ಸ್‌ಫರ್ಡ್ ನಗರದ ಪಶ್ಚಿಮಕ್ಕೂ ನೈಋತ್ಯಕ್ಕೂ ಹಬ್ಬಿರುವ ಹಿಂಕ್ಸಿ, ಬೋರ್ಸ್ ಹಿಲ್ ಮೊದಲಾದ ಗುಡ್ಡಗಳ ಮೇಲೆ ನಿಂತು ಊರಿನ ಕಡೆಗೆ ದೃಷ್ಟಿ ಹಾಯಿಸಿದವರಿಗೆ ಮೊದಲು ಕಾಣುವುದು ಹುಲ್ಲುಗಾವಲು, ಬೇಲಿಸಾಲು, ಥೇಮ್ಸ್ ನದಿಯ ತಗ್ಗುನೆಲ. ಅದರಾಚೆ, ಮರಗಳ ನೆತ್ತಿಯನ್ನು ಮೀರಿ, ಶತಮಾನಗಳ ಅವಧಿಯಲ್ಲಿ ಒಂದೊಂದಾಗಿ ಎದ್ದುನಿಂತ ಚರ್ಚುಗಳ ಹಾಗೂ ವಿದ್ಯಾಲಯಗಳ ಶಿಖರಪಂಕ್ತಿ. ಮ್ಯಾಥ್ಯೂ ಆರ್ನಾಲ್ಡ್ ಕವಿ ಈ ನಗರವನ್ನು ಕಂಡು ಹಾಡಿದುದು ಈ ಗುಡ್ಡಗಳ ಕಡೆಯಿಂದಲೇ. ವಿ. ಕೃ. ಗೋಕಾಕರೂ ಅವರ ತರುವಾಯ ಗಿರೀಶ ಕಾರ್ನಾಡರೂ ವಿದ್ಯಾರ್ಥಿಗಳಾಗಿದ್ದ ಊರಾದುದರಿಂದ ಅದರ ಹೆಸರು ಕನ್ನಡಿಗರಿಗೂ ಅಪರಿಚಿತವಲ್ಲ. ಆ ಶಿಖರಗಳಲ್ಲಿ ಒಂದರ ಕಲ್ಲನ್ನು ಕದಲಿಸುವೆನೆಂದು ಯಾರಾದರೂ ಹೊರಟರೆ ಇಂಗ್ಲೆಂಡಿನ ಕಾನೂನು ತತ್‌ಕ್ಷಣ ಅಡ್ಡ ಬರುತ್ತದೆ. ಅವುಗಳ ಮುಂದೆ ಹರಡಿದ ಹೊಲವನ್ನು ಮನೆಗಳ ಸಾಲಾಗಿ ಮಾರ್ಪಡಿಸುವೆನೆಂದರೆ ಮಾತ್ರ ಅದು ಚರ್ಚೆಯ ವಿಷಯವಾಗುತ್ತದೆ. ಗರ್ಭಗುಡಿಯನ್ನು ಕಾಪಾಡಿ ಪ್ರಾಕಾರವನ್ನು ಅಂಗಡಿಗಳಿಗೆ ಬಿಟ್ಟುಕೊಟ್ಟರೆ ದೇವಾಲಯವು ಉಳಿಯಿತೆಂದು ನಾವು ಹೇಳೆವು. ಆಕ್ಸ್‌ಫರ್ಡಿನ ಸುತ್ತಣ ನೆಲಕ್ಕಾಗಿ ಹೋರಾಡುತ್ತಿರುವವರ ವಾದವೂ ಸಾರತಃ ಇದೇ.

ಈ ವಾದಕ್ಕೆ ನೂರು ವರ್ಷಗಳ ಹಿನ್ನೆಲೆಯಿದೆ. ವಿಲಿಯಂ ಮಾರಿಸ್ ಎಂಬ ಸಾಹಸಿ ನಗರದ ಅಂಚಿನ ಕೌಲಿಯಲ್ಲಿ ಮೋಟಾರು ಕಾರ್ಖಾನೆ ಹೂಡಿದ ಮೇಲೆ ಜನಸಂಖ್ಯೆ ವೇಗವಾಗಿ ಏರಿ, ಹೆದ್ದಾರಿಗಳ ಇಕ್ಕೆಲಗಳಲ್ಲಿ ಮನೆಗಳು ಹಳ್ಳಿಗಳವರೆಗೆ ಸಾಲುಗಟ್ಟತೊಡಗಿದುವು. 1926ರಲ್ಲಿ ಪ್ಯಾಟ್ರಿಕ್ ಅಬರ್‌ಕ್ರಾಂಬಿ ಮೊದಲಾದವರು ಗ್ರಾಮೀಣ ಇಂಗ್ಲೆಂಡಿನ ರಕ್ಷಣೆಗಾಗಿ ಒಂದು ಮಂಡಳಿಯನ್ನು ಸ್ಥಾಪಿಸಿದರು. ಮರುವರ್ಷವೇ ಹುಟ್ಟಿದ ಆಕ್ಸ್‌ಫರ್ಡ್ ಪ್ರಿಸರ್ವೇಷನ್ ಟ್ರಸ್ಟ್, ಬರಿಯ ಮನವಿಪತ್ರಗಳಿಂದ ತೃಪ್ತಿಪಡದೆ, ಬೋರ್ಸ್ ಹಿಲ್‌ನಂತಹ ಎಡೆಗಳಲ್ಲಿ ಜಮೀನನ್ನೇ ಕೊಂಡು ಕಾಪಾಡತೊಡಗಿತು. 1955ರಲ್ಲಿ ಮಂತ್ರಿ ಡಂಕನ್ ಸ್ಯಾಂಡಿಸ್ ಹೊರಡಿಸಿದ ಸುತ್ತೋಲೆಯು ನಗರಗಳ ಸುತ್ತ ‘ಗ್ರೀನ್ ಬೆಲ್ಟ್’, ಎಂದರೆ ಕಟ್ಟಡಗಳಿಗೆ ಸಾಮಾನ್ಯವಾಗಿ ಅನುಮತಿಯಿಲ್ಲದ ಹಸಿರುಪಟ್ಟಿಯನ್ನು ಗುರುತಿಸಲು ಸ್ಥಳೀಯ ಸಂಸ್ಥೆಗಳಿಗೆ ಸೂಚಿಸಿತು. ಆಕ್ಸ್‌ಫರ್ಡಿನ ಪಟ್ಟಿಗೆ ವಿಧ್ಯುಕ್ತ ಒಪ್ಪಿಗೆ ದೊರೆತದ್ದು 1975ರಲ್ಲಿ. ಐತಿಹಾಸಿಕ ಪಟ್ಟಣಗಳ ಪರಿಸರವನ್ನೂ ವಿಶಿಷ್ಟ ಸ್ವರೂಪವನ್ನೂ ಉಳಿಸುವುದು ಈ ಪಟ್ಟಿಯ ಘೋಷಿತ ಉದ್ದೇಶಗಳಲ್ಲಿ ಒಂದೆಂಬುದನ್ನು ಇಲ್ಲಿ ನೆನೆಯಬೇಕು. ಹೊಲವು ನಗರಸೌಂದರ್ಯದ ಅಂಗವೆಂಬ ಭಾವನೆ ಕವಿಗಳದ್ದು ಮಾತ್ರವಲ್ಲ, ಸರಕಾರದ ನೀತಿಯೂ ಆಗಿದೆ.

ಹಸಿರೆಂದರೇನೆಂಬುದನ್ನು ತಿಳಿಯಲು ನಗರದ ವಾಯವ್ಯದ ಪೋರ್ಟ್ ಮೆಡೋವನ್ನು ಸಮೀಪದಿಂದ ನೋಡಬೇಕು. 300 ಎಕರೆಗೂ ಮೀರಿದ ಈ ಗೋಮಾಳವು 1086ರ ಡೂಮ್ಸ್‌ಡೇ ದಾಖಲೆಯಲ್ಲಿಯೇ ಉಲ್ಲೇಖಗೊಂಡಿದೆ. ನೇಗಿಲಿನ ಮೊನೆ ತಾಕದ ಈ ನೆಲದಲ್ಲಿ ಕಂಚಿನ ಯುಗದ ಸಮಾಧಿದಿಬ್ಬವೊಂದು ಇನ್ನೂ ಉಳಿದಿದೆ. ಇಲ್ಲಿ ದನಗಳನ್ನೂ ಕುದುರೆಗಳನ್ನೂ ಮೇಯಿಸುವ ಹಕ್ಕು ನಗರದ ‘ಫ್ರೀಮೆನ್’ ಎಂಬ ಪುರಜನರಿಗೂ ವುಲ್ವರ್‌ಕೋಟ್ ಹಳ್ಳಿಯವರಿಗೂ ಸೇರಿದ್ದು, ಹಕ್ಕಿಲ್ಲದವರ ಪಶುಗಳು ಸೇರಿಕೊಂಡಿವೆಯೇ ಎಂದು ಪರೀಕ್ಷಿಸಲು ನಗರದ ಶೆರಿಫ್ ಮಂದೆಯನ್ನೆಲ್ಲ ಒಟ್ಟುಗೂಡಿಸುವ ಸಂಪ್ರದಾಯವು ಇಂದಿಗೂ ಜೀವಂತವಾಗಿದೆ. ಚಳಿಗಾಲದಲ್ಲಿ ಥೇಮ್ಸ್ ಉಕ್ಕಿ ಬಯಲೇ ಸರೋವರವಾಗುತ್ತದೆ. ನೀರು ಇಳಿದು, ದನಗಳು ಎತ್ತರದ ಹುಲ್ಲನ್ನು ಮೇದು ತುಳಿದ ಕೆಸರಿನಲ್ಲಿ, ಬ್ರಿಟನ್ನಿನಲ್ಲಿ ಅತಿ ವಿರಳವಾದ ಒಂದು ತೆವಳುವ ಸಣ್ಣ ಸಸ್ಯವು ಬಿಳಿಯ ಹೂಗಳೊಡನೆ ತಲೆಯೆತ್ತುತ್ತದೆ. ನೆರೆಯೂ ಮೇಯುವಿಕೆಯೂ ಎರಡೂ ಇದ್ದಲ್ಲಿ ಮಾತ್ರ ಅದು ಬದುಕೀತು. ಇಂತಹ ನೆಲವನ್ನು ಬೇರೆಡೆ ಹತ್ತು ಸಾವಿರ ಸಸಿ ನೆಟ್ಟು ತುಂಬಿಕೊಡುವೆವೆನ್ನುವುದು ಅರ್ಥವಿಲ್ಲದ ಮಾತು.

ಈ ಗೋಮಾಳದ ಒಳಗೆ ಯಾರೂ ಮನೆ ಕಟ್ಟಲಿಲ್ಲ. ಅಂಚಿನಲ್ಲಿ ಕಟ್ಟಿದುದೇ ಸಾಕಾಯಿತು. 2012–13ರಲ್ಲಿ ವಿಶ್ವವಿದ್ಯಾಲಯವು ಕ್ಯಾಸಲ್ ಮಿಲ್ ಎಂಬಲ್ಲಿ ಸ್ನಾತಕೋತ್ತರ ವಿದ್ಯಾರ್ಥಿಗಳಿಗಾಗಿ ಎಬ್ಬಿಸಿದ ವಸತಿಗೃಹಗಳು, ಹುಲ್ಲುಗಾವಲಿನಿಂದ ತಲೆಮಾರುಗಳು ನೋಡುತ್ತ ಬಂದ ದೃಶ್ಯಕ್ಕೆ ಗೋಡೆಯಂತೆ ಅಡ್ಡನಿಂತುವು. ನಾಗರಿಕರು ಪ್ರತಿಭಟಿಸಿದರು, ಕಟ್ಟಿದ ಮೇಲೆ ನಡೆಸಿದ ಪರಿಸರಪರಿಣಾಮದ ಪರಿಶೀಲನೆಯೂ ಹಾನಿಯಾದುದನ್ನು ಒಪ್ಪಿಕೊಂಡಿತು, ಆದರೂ ಮೇಲಂತಸ್ತನ್ನು ತೆಗೆಯಬೇಕೆಂಬ ಸೂಚನೆಯನ್ನು 2015ರಲ್ಲಿ ವಿಶ್ವವಿದ್ಯಾಲಯದ ಅಧ್ಯಾಪಕಸಭೆಯೇ ತಿರಸ್ಕರಿಸಿತು. ಕಟ್ಟಡವು ಎದ್ದ ಮೇಲೆ ಹೋರಾಟವು ಹೇಗೆ ಸೋಲುತ್ತದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ದೃಷ್ಟಾಂತ ಬೇಡ. ಮೊದಲೇ ಎದ್ದು ನಿಂತರೆ ಗೆಲ್ಲಬಹುದೆಂಬುದಕ್ಕೂ ಅದೇ ನಗರದಲ್ಲಿ ಸಾಕ್ಷಿಯುಂಟು: ಕ್ರೈಸ್ಟ್ ಚರ್ಚ್ ಮೆಡೋ ಮೂಲಕ ಹೆದ್ದಾರಿ ಹಾಯಿಸುವ ಯೋಜನೆಯು ದಶಕಗಳ ವಿರೋಧದ ತರುವಾಯ ಕೈಬಿಡಲ್ಪಟ್ಟು, ಅಲ್ಲಿ ಈಗಲೂ ಉದ್ದಕೊಂಬಿನ ದನಗಳು ಮೇಯುತ್ತಿವೆ.

ಈಗಿನ ಕಲಹವು ಉತ್ತರದಿಕ್ಕಿನದು. ಆಕ್ಸ್‌ಫರ್ಡಿಗೆ ಬೇಕಾದ ಮನೆಗಳು ನಗರದೊಳಗೆ ಹಿಡಿಸಲಾರವೆಂಬ ಕಾರಣದಿಂದ ನೆರೆಯ ಚೆರ್‌ವೆಲ್ ಜಿಲ್ಲೆಯು 2020ರಲ್ಲಿ 4,400 ಮನೆಗಳನ್ನು ತನ್ನ ಹಸಿರುಪಟ್ಟಿಯಿಂದ ತೆಗೆದ ನೆಲದಲ್ಲಿ ಕಟ್ಟಿಸಲು ಒಪ್ಪಿತು. ಕಿಡ್ಲಿಂಗ್‌ಟನ್, ಯಾರ್ನ್‌ಟನ್, ಬೆಗ್‌ಬ್ರೋಕ್ ಹಳ್ಳಿಗಳಿಗೂ ನಗರಕ್ಕೂ ನಡುವೆ ಉಳಿದಿದ್ದ ಹೊಲಗಳೂ ಒಂದು ಗಾಲ್ಫ್ ಮೈದಾನವೂ ಇದರಲ್ಲಿ ಸೇರಿವೆ. ದಕ್ಷಿಣದಲ್ಲಿ ಗ್ರೆನೋಬಲ್ ರಸ್ತೆಯ ಆಚೆಗೂ ಇಂತಹದೇ ಯೋಜನೆಯಿದೆ. ಐದು ವರ್ಷಗಳಲ್ಲಿ 15 ಲಕ್ಷ ಮನೆಗಳೆಂಬ ಗುರಿಯನ್ನು ಹೊತ್ತ ಬ್ರಿಟಿಷ್ ಸರಕಾರವು 2024ರ ಡಿಸೆಂಬರಿನಲ್ಲಿ ಹಸಿರುಪಟ್ಟಿಯೊಳಗೇ ಕಡಿಮೆ ಮಹತ್ವದ್ದೆಂದು ಬಗೆದ ನೆಲಕ್ಕೆ ‘ಬೂದುಪಟ್ಟಿ’ ಎಂಬ ಹೊಸ ವರ್ಗವನ್ನೇ ಕಲ್ಪಿಸಿ, ಹಸಿರುಪಟ್ಟಿಯ ಬೇಲಿಯನ್ನು ಇನ್ನಷ್ಟು ಸಡಿಲಿಸಿತು.

ಮನೆ ಬೇಡವೆನ್ನುವ ಅಧಿಕಾರ ಮನೆಯುಳ್ಳವರಿಗೆ ಇಲ್ಲವೆಂಬ ಆಕ್ಷೇಪವನ್ನು ನಾನು ಹಗುರವಾಗಿ ಕಾಣಲಾರೆ. ಆಕ್ಸ್‌ಫರ್ಡಿನಲ್ಲಿ ಮನೆಯ ಬೆಲೆ ಸಾಮಾನ್ಯ ಸಂಬಳಗಾರನ ಕೈಗೆ ಎಟುಕದು. ಆಸ್ಪತ್ರೆಯ ದಾದಿಯರೂ ಬಸ್ಸಿನ ಚಾಲಕರೂ ಬಿಸೆಸ್ಟರ್, ಡಿಡ್‌ಕಾಟ್‌ಗಳಿಂದ ನಿತ್ಯವೂ ಬಂದುಹೋಗುವರು. ಆದರೆ ಕೌಲಿಯ ಹಳೆಯ ಕಾರ್ಖಾನೆಗಳಲ್ಲಿ ಹೆಚ್ಚಿನವನ್ನು 1990ರ ದಶಕದಲ್ಲಿ ಕೆಡವಿದಾಗ, ಈಗಾಗಲೇ ಕಟ್ಟಡ ಹೊತ್ತಿದ್ದ ಆ ವಿಶಾಲ ನೆಲವು ಬಹುಪಾಲು ಕಚೇರಿಗಳಿಗೂ ವಾಣಿಜ್ಯಕ್ಕೂ ಹೋಯಿತೆಂಬುದನ್ನು ಮರೆಯಬಾರದು. ಉದ್ಯೋಗವನ್ನು ನಗರದಲ್ಲಿ ಹೆಚ್ಚಿಸುತ್ತ ಹೋಗಿ, ಅದರಿಂದ ಹುಟ್ಟುವ ಮನೆಗಳ ಕೊರತೆಯನ್ನು ಹಳ್ಳಿಗಳ ಹೊಲಕ್ಕೆ ದಾಟಿಸುವುದು ನ್ಯಾಯವೇ ಎಂದು ಅಲ್ಲಿನವರು ಕೇಳುವ ಪ್ರಶ್ನೆ ಸಮಂಜಸವಾದುದು. ಇನ್ನೊಂದು ಮಾತು: ಉಳುಮೆಯ ಜಮೀನಿಗೆ ಕಟ್ಟಡದ ಅನುಮತಿ ಬಿದ್ದ ದಿನವೇ ಅದರ ಬೆಲೆ ಹಲವು ಹತ್ತು ಪಟ್ಟು ಏರುತ್ತದೆ. ಈ ಏರಿಕೆಯನ್ನೆಲ್ಲ ಸಮಾಜಕ್ಕೆ ಸೇರಿಸಲು 1947ರ ನಗರಯೋಜನಾ ಕಾನೂನು ವಿಧಿಸಿದ ಶುಲ್ಕವು ಕೆಲವೇ ವರ್ಷಗಳಲ್ಲಿ ರದ್ದಾಯಿತು; ಆದುದರಿಂದ ಹೊಲದ ಮೇಲಣ ಒತ್ತಡವು ಮನೆಯಿಲ್ಲದವರಿಂದ ಮಾತ್ರ ಬರುತ್ತಿದೆಯೆಂದು ನಂಬುವುದು ಕಷ್ಟ.

ವಿರೋಧಿಗಳಲ್ಲಿ ವಿವೇಕಿಗಳು ಬೇಡುತ್ತಿರುವುದು ಒಂದು ಕ್ರಮವನ್ನು: ಮೊದಲು ನಗರದೊಳಗಿನ ಬಳಸಿಬಿಟ್ಟ ನೆಲ, ವಾಹನ ನಿಲುಗಡೆಯ ಬಯಲುಗಳು, ಖಾಲಿಬಿದ್ದ ಅಂಗಡಿಗಳ ಮೇಲಂತಸ್ತು, ಅಲ್ಲಿ ಅಗ್ಗದ ಬಾಡಿಗೆಯ ಮನೆಗಳು, ಅವೆಲ್ಲ ಮುಗಿದ ಬಳಿಕವೇ ಹೊಲದ ಮಾತು. ಕಿಡ್ಲಿಂಗ್‌ಟನ್ನಿನ ಹೊಲಗಳ ವಿಷಯದಲ್ಲಿ ಈ ಕ್ರಮವು ತಲೆಕೆಳಗಾಗಿರುವುದೇ ಅವರ ದೂರು.