45 ಗ್ರಾಂ ಇಳಿದರೆ ಚೆಂಡು ಎಷ್ಟು ದೂರ ಹೋದೀತು?

ಗಾಲ್ಫ್ ಕ್ಲಬ್ ಮಾರುವವರ ವಾದ ಕೇಳುವುದಕ್ಕೆ ಸರಳ. ಕ್ಲಬ್ ಹಗುರವಾದರೆ ಬೀಸು ಚುರುಕಾಗುತ್ತದೆ, ಬೀಸು ಚುರುಕಾದರೆ ಚೆಂಡು ದೂರ ಹೋಗುತ್ತದೆ. 2011ರ ಸುಮಾರಿಗೆ ಅಮೆರಿಕದ ಕ್ಲೀವ್‌ಲ್ಯಾಂಡ್ ಕಂಪನಿ ತನ್ನ ಹಗುರ ಡ್ರೈವರುಗಳ (ಅತಿ ದೂರದ ಹೊಡೆತಕ್ಕೆ ಬಳಸುವ ಕ್ಲಬ್ಬುಗಳ) ಹೆಸರಿನಲ್ಲೇ ತೂಕವನ್ನು ಸೇರಿಸಿತ್ತು: 270, 290, 310, ಎಲ್ಲವೂ ಗ್ರಾಂ ಲೆಕ್ಕ. ಜಪಾನಿನಲ್ಲಂತೂ ವಯಸ್ಸಾದ, ನಿಧಾನವಾಗಿ ಬೀಸುವ ಆಟಗಾರರನ್ನೇ ನೆಚ್ಚಿಕೊಂಡು ಹಗುರ ಕ್ಲಬ್ಬುಗಳ ಒಂದು ದೊಡ್ಡ ಮಾರುಕಟ್ಟೆಯೇ ಬೆಳೆದಿದೆ. ಜಾಹೀರಾತಿನ ಈ ತರ್ಕದ ಎರಡು ಕೊಂಡಿಗಳಲ್ಲಿ ಯಾವುದೂ ಸುಳ್ಳಲ್ಲ. ತಕರಾರು ಇರುವುದು ಪ್ರಮಾಣದಲ್ಲಿ. ಎಷ್ಟು ಗ್ರಾಂ ಇಳಿಸಿದರು, ಕ್ಲಬ್ಬಿನ ಯಾವ ಭಾಗದಿಂದ ಇಳಿಸಿದರು, ಅದಕ್ಕೆ ಎಷ್ಟು ಗಜ ಸಿಕ್ಕಿತು ಎಂದು ಲೆಕ್ಕ ಹಾಕುತ್ತ ಹೋದರೆ, ಪೆಟ್ಟಿಗೆಯ ಮೇಲಿನ ದೊಡ್ಡ ಅಂಕಿ ಮೈದಾನ ತಲುಪುವಷ್ಟರಲ್ಲಿ ತೀರಾ ಚಿಕ್ಕದಾಗಿಬಿಡುತ್ತದೆ.

ಮೊದಲು ಪೆಟ್ಟು ಬೀಳುವ ಕ್ಷಣವನ್ನು ನೋಡೋಣ. ಹೆಡ್ಡೂ ಚೆಂಡೂ ಒಂದನ್ನೊಂದು ತಾಗಿಕೊಂಡಿರುವುದು ಹೆಚ್ಚುಕಡಿಮೆ ಅರ್ಧ ಮಿಲಿಸೆಕೆಂಡು. ಅಷ್ಟು ಹೊತ್ತಿನಲ್ಲಿ ಗ್ರಿಪ್ಪಾಗಲಿ ಆಟಗಾರನ ತೋಳಾಗಲಿ ಮಾಡುವಂಥದ್ದೇನೂ ಇಲ್ಲ. ಸುಮಾರು 200 ಗ್ರಾಂ ತೂಕದ ಹೆಡ್ಡು 46 ಗ್ರಾಂ ಚೆಂಡಿಗೆ ಗುದ್ದುತ್ತದೆ, ಅಷ್ಟೆ. ಗುದ್ದಿದ ಮೇಲೆ ಚೆಂಡು ಎಷ್ಟು ಜೋರಾಗಿ ಪುಟಿಯಬಹುದು ಎನ್ನುವುದಕ್ಕೂ ನಿಯಮದ ಮಿತಿಯಿದೆ, ಅದನ್ನು ಸ್ಥೂಲವಾಗಿ 0.83 ಎಂಬ ಗುಣಾಂಕದಲ್ಲಿ ಹೇಳುತ್ತಾರೆ. ಇವಿಷ್ಟನ್ನು ಸಂವೇಗದ ಸೂತ್ರಕ್ಕೆ ಹಾಕಿದರೆ, ಹವ್ಯಾಸಿಯೊಬ್ಬ ಗಂಟೆಗೆ 90 ಮೈಲಿ ವೇಗದಲ್ಲಿ ಬೀಸಿದ ಹೆಡ್ಡು ಚೆಂಡನ್ನು 134 ಮೈಲಿ ವೇಗದಲ್ಲಿ ಕಳಿಸುತ್ತದೆ. ಈಗ ಹೆಡ್ಡಿನಿಂದ 20 ಗ್ರಾಂ ಹೆರೆದು 180ಕ್ಕೆ ಇಳಿಸಿ, ಬೀಸಿನ ವೇಗ ಅಷ್ಟೇ ಇರಲಿ. ಚೆಂಡಿನ ವೇಗ 131ಕ್ಕೆ ಬೀಳುತ್ತದೆ. ಕಳೆದುಕೊಂಡ ಆ 3 ಮೈಲಿಯನ್ನು ಮರಳಿ ಪಡೆಯಬೇಕಾದರೆ ಆಟಗಾರ 92 ಮೈಲಿ ವೇಗದಲ್ಲಿ ಬೀಸಬೇಕು. ಹಗುರವಾದ ಹೆಡ್ಡು ಕೊಡುವ ಹೆಚ್ಚುವರಿ ವೇಗ, ಮುಂದೆ ನೋಡುವಂತೆ, ಸರಿಸುಮಾರು ಅಷ್ಟೇ. ಲಾಭವೂ ಇಲ್ಲ, ನಷ್ಟವೂ ಇಲ್ಲ. ಹೆಡ್ ತಯಾರಿಸುವವರಿಗೆ ಇದು ಚೆನ್ನಾಗಿ ಗೊತ್ತು. ಪರ್ಸಿಮನ್ ಮರದ ಕಾಲ ಹೋಗಿ ಉಕ್ಕು ಬಂತು, 1990ರ ದಶಕದಲ್ಲಿ ಉಕ್ಕಿಗಿಂತ ಎಷ್ಟೋ ಹಗುರವಾದ ಟೈಟೇನಿಯಂ ಬಂತು. ಹೆಡ್ಡನ್ನು ಹಗುರ ಮಾಡುವ ಅವಕಾಶ ಕೈಗೆ ಸಿಕ್ಕಾಗ ಅವರು ಹಗುರ ಮಾಡಲಿಲ್ಲ. ಗಾತ್ರವನ್ನು ಈಗಿನ ಮಿತಿಯಾದ 460 ಘನ ಸೆಂಟಿಮೀಟರ್‌ವರೆಗೆ ಹಿಗ್ಗಿಸಿ ತೂಕವನ್ನು ಹಳೆಯ 200 ಗ್ರಾಂ ಆಸುಪಾಸಿನಲ್ಲೇ ಉಳಿಸಿಕೊಂಡರು.

ಹಾಗಾಗಿ ಹಗುರ ಕ್ಲಬ್ಬುಗಳಲ್ಲಿ ತೂಕ ಇಳಿಯುವುದು ಬಹುಪಾಲು ಉದ್ದನೆಯ ದಂಡವಾದ ಶಾಫ್ಟಿನಿಂದ ಮತ್ತು ಹಿಡಿಯಾದ ಗ್ರಿಪ್ಪಿನಿಂದ. ಸಮಸ್ಯೆ ಶುರುವಾಗುವುದೂ ಇಲ್ಲೇ. ಸುತ್ತಿಗೆಯನ್ನು ಹಿಡಿಯ ತುದಿಯಲ್ಲಿ ಹಿಡಿದು ಬೀಸಿ ನೋಡಿ, ಆಮೇಲೆ ತಿರುಗಿಸಿ ಅದರ ಕಬ್ಬಿಣದ ತಲೆಯನ್ನೇ ಮುಷ್ಟಿಯಲ್ಲಿಟ್ಟುಕೊಂಡು ಬೀಸಿ. ತೂಕ ಒಂದು ಗ್ರಾಮೂ ಬದಲಾಗಿಲ್ಲ, ಆದರೆ ಎರಡನೆಯ ಸಲ ಅದು ಗಾಳಿಯಲ್ಲಿ ಸಲೀಸಾಗಿ ತಿರುಗುತ್ತದೆ. ತಿರುಗುವ ವಸ್ತುವಿನ ಜಡತ್ವದಲ್ಲಿ ಪ್ರತಿ ಗ್ರಾಮೂ ಕೈಯಿಂದ ತನಗಿರುವ ದೂರದ ವರ್ಗದಷ್ಟು ಬೆಲೆ ಪಡೆಯುತ್ತದೆ. 2003ರಲ್ಲಿ ಲಾಯ್ಡ್ ಸ್ಮಿತ್, ಜೆಫ್ ಬ್ರೋಕರ್ ಮತ್ತು ಅಲನ್ ನೇಥನ್ ಸಾಫ್ಟ್‌ಬಾಲ್ ಆಟಗಾರರ ಕೈಗೆ ಎರಡು ಬಗೆಯ ಬ್ಯಾಟುಗಳನ್ನು ಕೊಟ್ಟು ಇದನ್ನೇ ಅಳೆದರು. ಒಂದು ಗುಂಪಿನ ಬ್ಯಾಟುಗಳಲ್ಲಿ ತೂಕ ಒಂದೇ, ತಿರುಗುವ ಜಡತ್ವ ಬೇರೆ ಬೇರೆ. ಇನ್ನೊಂದರಲ್ಲಿ ಜಡತ್ವ ಒಂದೇ, ತೂಕ ಬೇರೆ ಬೇರೆ. ಬೀಸಿನ ವೇಗ ಹೊಂದಿಕೊಂಡದ್ದು ಜಡತ್ವದ ಜೊತೆಗೆ, ಒಟ್ಟು ತೂಕದ ಜೊತೆಗಲ್ಲ. ಜಡತ್ವ ಶೇ 10ರಷ್ಟು ಇಳಿದರೆ ವೇಗ ಏರುವುದು ಶೇ 2ರಿಂದ 2.5ರಷ್ಟು ಮಾತ್ರ ಎಂದು ಇಂಥ ಅಳತೆಗಳು ತೋರಿಸುತ್ತವೆ.

ಇದನ್ನು ಡ್ರೈವರ್‌ಗೆ ಅನ್ವಯಿಸಿ ನೋಡೋಣ. 45 ಇಂಚು ಉದ್ದದ ಮಾಮೂಲಿ ಡ್ರೈವರ್‌ನಲ್ಲಿ ಹೆಡ್ಡು 200 ಗ್ರಾಂ, ಶಾಫ್ಟು 65, ಗ್ರಿಪ್ಪು 50, ಒಟ್ಟು 315 ಗ್ರಾಂ ಎಂದುಕೊಳ್ಳಿ. ತೂಕದಲ್ಲಿ ಹೆಡ್ಡಿನ ಪಾಲು ಮೂರರಲ್ಲಿ ಎರಡಕ್ಕೂ ಕಡಿಮೆ. ಆದರೆ ಕೈಯ ಸುತ್ತ ತಿರುಗುವ ಜಡತ್ವದಲ್ಲಿ ಅದರದು ಶೇ 90, ಶಾಫ್ಟಿನದು ಶೇ 9, ಗ್ರಿಪ್ಪಿನದು ಶೇ ಅರ್ಧಕ್ಕಿಂತ ಕಡಿಮೆ. ಶಾಫ್ಟಿನಿಂದ 20 ಗ್ರಾಂ, ಗ್ರಿಪ್ಪಿನಿಂದ 25 ಗ್ರಾಂ ತೆಗೆದರೆ ಕ್ಲಬ್ಬು 270 ಗ್ರಾಂಗೆ ಬಂದು ನಿಲ್ಲುತ್ತದೆ. ‘ಶೇ 14ರಷ್ಟು ಹಗುರ’ ಎಂದು ಢಾಣಾಡಂಗುರ ಸಾರಲು ಇಷ್ಟು ಸಾಕು. ಜಡತ್ವ ಮಾತ್ರ ಇಳಿದಿರುವುದು ಶೇ 3. ಅದರಿಂದ ಬೀಸಿನ ವೇಗಕ್ಕೆ ಸೇರುವುದು ಶೇ 0.7ರಷ್ಟು, ಅಂದರೆ 90 ಮೈಲಿ ಇದ್ದದ್ದು 90.6. ಹೆಡ್ಡಿನ ವೇಗ ಒಂದು ಮೈಲಿ ಏರಿದರೆ ಎರಡೂವರೆ ಗಜ ಸಿಗುತ್ತದೆಂಬುದು ರೂಢಿಯ ಅಂದಾಜು. ಆ ಪ್ರಕಾರ ಲಾಭ ಒಂದೂವರೆ ಗಜ. ಅದರಲ್ಲೂ ಗ್ರಿಪ್ಪಿನಿಂದ ತೆಗೆದ 25 ಗ್ರಾಂನ ಕೊಡುಗೆ ಶೂನ್ಯಕ್ಕೆ ಸಮ. ಮೇಲಾಗಿ, ಹಿಡಿಯ ಕಡೆ ಹಗುರವಾದ ಕ್ಲಬ್ಬಿನಲ್ಲಿ ಸಮತೋಲ ಹೆಡ್ಡಿನತ್ತ ಸರಿಯುವುದರಿಂದ ಎಷ್ಟೋ ಜನರಿಗೆ ಅದು ಕೈಯಲ್ಲಿ ಮೊದಲಿಗಿಂತ ಭಾರವೆಂದೇ ಅನ್ನಿಸುತ್ತದೆ!

ಇಲ್ಲಿ ಒಂದು ನ್ಯಾಯವಾದ ಆಕ್ಷೇಪಣೆ ಬರುತ್ತದೆ. ಕ್ಲಬ್ಬು ಬರೀ ಮಣಿಕಟ್ಟಿನ ಸುತ್ತ ತಿರುಗುವುದಿಲ್ಲ, ತೋಳುಗಳ ಜೊತೆ ಭುಜದ ಸುತ್ತಲೂ ತಿರುಗುತ್ತದೆ. ಹಾಗಿರುವಾಗ ಗ್ರಿಪ್ಪಿನ ತೂಕವನ್ನು ಲೆಕ್ಕದಿಂದ ಬಿಡುವುದು ಹೇಗೆ? ಬಿಡಬೇಕಿಲ್ಲ. ಆದರೆ ಆ ತಿರುಗುವಿಕೆಯಲ್ಲಿ ತೋಳುಗಳನ್ನೂ ಹಿಡಿಯಬೇಕಲ್ಲ. 70 ಕಿಲೋ ತೂಗುವವರ ಎರಡು ತೋಳುಗಳೇ ಏಳು ಕಿಲೋ ಹತ್ತಿರ ಬರುತ್ತವೆ. ಅದರ ಮುಂದೆ 25 ಗ್ರಾಂ ಯಾವ ಮೂಲೆಗೆ? ಇನ್ನೊಂದು ಆಕ್ಷೇಪಣೆ ಚರಿತ್ರೆಯದು, ಅದು ಇದಕ್ಕಿಂತ ಗಟ್ಟಿ. 1969ರಲ್ಲಿ ಫ್ರಾಂಕ್ ಥಾಮಸ್ ಶೇಕ್ಸ್‌ಪಿಯರ್ ಎಂಬ ಕ್ರೀಡಾಸಾಮಗ್ರಿ ಕಂಪನಿಯಲ್ಲಿದ್ದಾಗ ಗ್ರಾಫೈಟ್ ಶಾಫ್ಟು ರೂಪಿಸಿದರು. 120 ಗ್ರಾಂ ಆಸುಪಾಸಿನ ಉಕ್ಕಿನ ಶಾಫ್ಟಿನ ಜಾಗಕ್ಕೆ ಕ್ರಮೇಣ 65 ಗ್ರಾಂನದು ಬಂತು, ಡ್ರೈವರ್ ಹೊಡೆತ ಉದ್ದವೂ ಆಯಿತು. ಹಗುರತನ ಆಗ ಫಲ ಕೊಟ್ಟದ್ದು ನಿಜ. ಆದರೆ ಇಳಿದದ್ದು 50 ಗ್ರಾಂಗೂ ಹೆಚ್ಚು, ಅದೂ ಶಾಫ್ಟೊಂದರಿಂದಲೇ. ಆ ಹಗುರತನವನ್ನು ಬಳಸಿಕೊಂಡೇ ಡ್ರೈವರ್‌ನ ಉದ್ದವನ್ನು 43 ಇಂಚಿನಿಂದ 45ಕ್ಕೆ ಬೆಳೆಸಿದರು. ಉಳಿದಿರುವ 65 ಗ್ರಾಂನಲ್ಲಿ ಇನ್ನೂ ಎಷ್ಟನ್ನು ಹಿಂಡಲಾದೀತು? ಅಂದಿನ ಗೆಲುವಿನ ಹೆಸರು ಹೇಳಿ ಇಂದಿನ ಹದಿನೈದಿಪ್ಪತ್ತು ಗ್ರಾಂ ಮಾರುವುದರಲ್ಲಿ ಜಾಣತನವಿದೆ, ಹೊಸ ಗಜಗಳು ಹೆಚ್ಚಿಲ್ಲ.

‘ಲೆಕ್ಕ ಏನೇ ಹೇಳಲಿ, ಹೊಸ ಕ್ಲಬ್ಬಿನಲ್ಲಿ ಹತ್ತು ಗಜ ಹೆಚ್ಚು ಹೋಗುತ್ತಿದೆ’ ಎನ್ನುವವರು ಇದ್ದಾರೆ, ಅವರು ಸುಳ್ಳು ಹೇಳುತ್ತಿಲ್ಲ. ಹಗುರ ಡ್ರೈವರ್ ಸಾಮಾನ್ಯವಾಗಿ ಹಗುರವಷ್ಟೇ ಆಗಿರುವುದಿಲ್ಲ. ಅರ್ಧವೋ ಒಂದೋ ಇಂಚು ಉದ್ದವಾಗಿರುತ್ತದೆ, ಶಾಫ್ಟು ಹೆಚ್ಚು ಬಾಗುತ್ತದೆ, ಹೆಡ್ಡಿನ ಕೋನ ಬೇರೆಯಾಗಿರುತ್ತದೆ. ತಿರುಗುವ ಚುರುಕು ಅಷ್ಟೇ ಉಳಿದರೆ ಒಂದಿಂಚು ಉದ್ದವೊಂದೇ ಶೇ 2ರಷ್ಟು ವೇಗ ಕೂಡಿಸುತ್ತದೆ, ಅಂದರೆ ನಮ್ಮ 45 ಗ್ರಾಂ ತಂದದ್ದಕ್ಕಿಂತ ಹೆಚ್ಚು. (ಉದ್ದವೂ ಮನಸ್ಸಿಗೆ ಬಂದಷ್ಟು ಬೆಳೆಯುವಂತಿಲ್ಲ. ಮಿತಿ 48 ಇಂಚು. 2022ರ ಜನವರಿಯಿಂದ ವೃತ್ತಿಪರ ಸ್ಪರ್ಧೆಗಳಲ್ಲಿ 46ಕ್ಕೆ ಕಟ್ಟಿಹಾಕಲು ಅವಕಾಶವಿದೆ.) ಐರನ್‌ಗಳಲ್ಲಿ ಮಸಲತ್ತು ಇನ್ನೂ ಸರಳ: ಹಿಂದೆ 36 ಡಿಗ್ರಿ ಮೀರಿ ವಾಲಿರುತ್ತಿದ್ದ ‘7’ನೇ ನಂಬರು ಈಗ ಎಷ್ಟೋ ಸೆಟ್ಟುಗಳಲ್ಲಿ 30ಕ್ಕೂ ಕೆಳಗಿದೆ. ವಾಲು ಕಡಿಮೆಯಾದಷ್ಟೂ ಚೆಂಡು ದೂರ ಹೋಗುತ್ತದೆ. ನಂಬರು ಅದೇ, ಕ್ಲಬ್ಬು ಬೇರೆ. ಹೊಡೆದು ನೋಡುವ ಜಾಗವೂ ಮೋಸ ಮಾಡಬಲ್ಲದು. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿರುವುದರಿಂದ ಇಲ್ಲಿನ ಗಾಳಿ ತೆಳು; ಮಂಗಳೂರಿನಲ್ಲಿ 200 ಗಜ ಹೋಗುವ ಹೊಡೆತ ಇಲ್ಲಿ ಆರೇಳು ಗಜ ಮುಂದೆ ಬೀಳುತ್ತದೆ, ಒಂದು ಪೈಸೆ ಖರ್ಚಿಲ್ಲದೆ.

ದೂರದ ಜೊತೆಗೆ ದಿಕ್ಕೂ ಇದೆ. ಹೆಡ್ಡಿನ ನಟ್ಟನಡುವಿಗೆ ಬೀಳದ ಪೆಟ್ಟು ಹೆಡ್ಡನ್ನು ತಿರುಚುತ್ತದೆ. ಆ ತಿರುಚನ್ನು ತಡೆಯುವುದು ಹೆಡ್ಡಿನ ಅಂಚುಗಳಿಗೆ ಹಂಚಿಟ್ಟ ತೂಕ. ಆ ತಡೆಯುವ ಗುಣ ಅತಿಯಾಗದಂತೆ ನಿಯಮ 5,900 ಗ್ರಾಂ-ಚದರ ಸೆಂಟಿಮೀಟರ್ ಮಿತಿ ಹಾಕಿದೆಯೆಂದರೆ ಅದಕ್ಕೆ ಎಷ್ಟು ಬೆಲೆಯಿದೆ ಎಂದು ಊಹಿಸಬಹುದು. ಹೆಡ್ಡನ್ನೇ ಹಗುರ ಮಾಡಿದವರು ಹಂಚಲು ಬೇಕಾದ ಆ ತೂಕವನ್ನು ಬಿಟ್ಟುಕೊಡುತ್ತಾರೆ. ಉದ್ದ ಮಾಡಿದವರು ಚೆಂಡನ್ನು ನಡುವಿಗೆ ತಾಗಿಸುವುದನ್ನೇ ಕಷ್ಟ ಮಾಡುತ್ತಾರೆ. ದೂರದ ಹುಚ್ಚಿಗೆ ಬೆಂಗಳೂರಿನ ಅದಿತಿ ಅಶೋಕ್ ಒಳ್ಳೆಯ ಔಷಧಿ. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಅತಿ ಕಡಿಮೆ ದೂರ ಹೊಡೆಯುವವರ ಸಾಲಿನಲ್ಲಿದ್ದ ಅವರು ಪಟ್ಟಿಂಗ್ ಬಲದಿಂದ ನಾಲ್ಕನೇ ಸ್ಥಾನಕ್ಕೆ ಬಂದರು.

ಹಾಗೆಂದು ಹಗುರ ಕ್ಲಬ್ಬು ಯಾರಿಗೂ ಬೇಡವೆಂದಲ್ಲ. ಮಣಿಕಟ್ಟಿನಲ್ಲಿ ನೋವಿರುವವರು, ಎಪ್ಪತ್ತರ ಆಚೆಗಿನವರು, ಭಾರದ ಶಾಫ್ಟನ್ನು ಕಡೆಯ ಹೋಲ್‌ಗಳಲ್ಲಿ ಎಳೆದಾಡುವವರು ಇದರಿಂದ ಆರಾಮಾಗಿ ಆಡಿಯಾರು, ಬೀಸಿನ ಲಯ ಕೊನೆಯವರೆಗೂ ಕೆಡದೆ ಉಳಿದೀತು. ಅದು ಗಜಗಳಲ್ಲಿ ಅಳೆಯುವ ಲಾಭವಲ್ಲ, ಆದ್ದರಿಂದ ಜಾಹೀರಾತಿನಲ್ಲೂ ಅಷ್ಟಾಗಿ ಕಾಣಿಸುವುದಿಲ್ಲ. ಕೊಳ್ಳುವವರು ಅಂಗಡಿಯಲ್ಲಿ ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟು ಮೊದಲು ಉದ್ದ ಅಳೆಯಲಿ, ಆಮೇಲೆ ಎರಡನ್ನೂ ಒಂದೊಂದಾಗಿ ಬೆರಳಿನ ಮೇಲೆ ಅಡ್ಡ ಮಲಗಿಸಿ ಸಮತೋಲ ಎಲ್ಲಿ ನಿಲ್ಲುತ್ತದೆಂದು ನೋಡಲಿ. ಹೊಸದರಲ್ಲಿ ಆ ಬಿಂದು ಹೆಡ್ಡಿನತ್ತ ಸರಿದಿದ್ದರೆ ಗ್ರಾಂಗಳು ಹೋಗಿರುವುದು ಹಿಡಿಯ ಕಡೆಯಿಂದ. ಉದ್ದವೂ ಹೆಚ್ಚಿದ್ದರೆ, ಮಾರುವವ ತೋರಿಸುವ ಗಜಗಳು ಬಂದದ್ದು ಅಲ್ಲಿಂದ. ಚೆಂಡಿನ ವೇಗ ಅಳೆಯುವ ಯಂತ್ರ ಅಂಗಡಿಯಲ್ಲಿದ್ದರೆ ಎರಡರಿಂದಲೂ ಹತ್ತು ಹತ್ತು ಹೊಡೆತ ಹೊಡೆದು, ಅತಿ ಉದ್ದದ ಒಂದನ್ನು ನೋಡಿ ಹಿಗ್ಗುವ ಬದಲು ಹತ್ತೂ ಎಲ್ಲೆಲ್ಲಿ ಬಿದ್ದವು ಎಂಬ ಚಿತ್ರವನ್ನು ಕೇಳಿ ಪಡೆಯಬೇಕು.