ಆರಿಂಚಿನ ಗೋಡೆ ಇಳಿದ ಬಗೆ

ಅಮೆರಿಕದ ಎಡ್ ರಾಬರ್ಟ್ಸ್‌ಗೆ ಹೈಸ್ಕೂಲು ಮುಗಿಸಿದ ಸರ್ಟಿಫಿಕೇಟ್ ಕೊಡಲು ಶಾಲೆಯವರು ಮೊದಲು ಒಪ್ಪಲಿಲ್ಲ. ಹುಡುಗ ವ್ಯಾಯಾಮದ ಕ್ಲಾಸು ಮುಗಿಸಿಲ್ಲ, ಕಾರು ಓಡಿಸುವ ಪಾಠವೂ ಆಗಿಲ್ಲ ಎಂಬುದು ಅವರ ತಕರಾರು. 1953ರಲ್ಲಿ, ಹದಿನಾಲ್ಕನೇ ವಯಸ್ಸಿಗೆ ಪೋಲಿಯೊ ಬಡಿದು ಕುತ್ತಿಗೆಯಿಂದ ಕೆಳಗೆ ಹೆಚ್ಚುಕಡಿಮೆ ಸ್ವಾಧೀನವೇ ತಪ್ಪಿದ್ದ ಹುಡುಗನ ಬಗ್ಗೆ ಈ ಮಾತು! ತಾಯಿ ಜೋನಾ ಪಟ್ಟು ಬಿಡದೆ ಜಗ್ಗಾಡಿದ ಮೇಲೆಯೇ ಕಾಗದ ಕೈಗೆ ಬಂದದ್ದು.

1962ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಸೀಟು ಸಿಕ್ಕಿತು, ಹಾಸ್ಟೆಲ್ ಸಿಗಲಿಲ್ಲ. ರಾತ್ರಿ ಉಸಿರಾಡಲು ಅವರಿಗೆ ‘ಕಬ್ಬಿಣದ ಶ್ವಾಸಕೋಶ’ ಬೇಕಿತ್ತು. ತಲೆಯನ್ನಷ್ಟೇ ಹೊರಗೆ ಬಿಟ್ಟು ಇಡೀ ಮೈಯನ್ನು ಒಳಗೆಳೆದುಕೊಳ್ಳುವ ಸುಮಾರು 360 ಕಿಲೋ ತೂಕದ ಪೀಪಾಯಿ ಅದು. ಹಾಸ್ಟೆಲ್ಲಿನ ಮಹಡಿಗಳು ಅದನ್ನು ತಾಳುವಂತಿರಲಿಲ್ಲ. ಕಡೆಗೆ ಕ್ಯಾಂಪಸ್ಸಿನ ಕೋವೆಲ್ ಆಸ್ಪತ್ರೆಯ ವಾರ್ಡೇ ರೂಮಾಯಿತು. ಹಗಲು ಹೊತ್ತು ಬಾಯಿಂದ ಗಾಳಿಯನ್ನು ಗುಟುಕು ಗುಟುಕಾಗಿ ನುಂಗಿ ಒಳಗೆ ತಳ್ಳಿಕೊಳ್ಳುತ್ತ ಪಾಠ ಕೇಳುತ್ತಿದ್ದರು. ಕ್ರಮೇಣ ಅಂಥವರೇ ಇನ್ನೂ ಹಲವರು ಅಲ್ಲಿಗೆ ಬಂದರು, ‘ರೋಲಿಂಗ್ ಕ್ವಾಡ್ಸ್’ ಎಂಬ ಗುಂಪೂ ಹುಟ್ಟಿಕೊಂಡಿತು.

ಬ್ಯಾಟರಿ ಗಾಲಿಕುರ್ಚಿ ಬಂದ ಮೇಲೆ ನಿಜವಾದ ಜಗಳ ಶುರುವಾಯಿತು. ತಳ್ಳುವವರಿದ್ದಾಗ ಹೇಗೋ ಎತ್ತಿ ದಾಟಿಸುತ್ತಿದ್ದ ಫುಟ್‌ಪಾತಿನ ಅಂಚು, ಒಬ್ಬರೇ ಹೊರಟರೆ ಆರಿಂಚಿನ ಗೋಡೆ. ಮನೆಗಳ ಗೇಟಿನ ಮುಂದೆ ಕಾರಿಗೆಂದು ಮಾಡಿದ ಇಳಿಜಾರು ಸಿಗುವ ತನಕ ವಾಹನಗಳ ನಡುವೆಯೇ ಸಾಗಬೇಕು. ಕಾರಿಗೆ ಇಳಿಜಾರು ಬೇಕೆಂಬುದು ಮಾತ್ರ ಎಲ್ಲರಿಗೂ ಹೊಳೆದಿತ್ತು!

ರಾತ್ರೋರಾತ್ರಿ ಸಿಮೆಂಟು ಕಲಸಿ ಇವರೇ ಮೂಲೆಮೂಲೆಗೂ ಇಳಿಜಾರು ಕಟ್ಟಿದರೆಂಬ ಕಥೆ ಬರ್ಕ್ಲಿಯಲ್ಲಿದೆ. ಅದರಲ್ಲಿ ಸ್ವಲ್ಪ ಉತ್ಪ್ರೇಕ್ಷೆಯಿದೆ ಎಂದು ಆಗ ಈ ವಿದ್ಯಾರ್ಥಿಗಳ ಸಹಾಯಕರಾಗಿದ್ದ ಎರಿಕ್ ಡಿಬ್ನರ್ ಮುಂದೆ ಹೇಳಿದರು. ಒಂದೆರಡು ಚೀಲ ಕಾಂಕ್ರೀಟು ಕಲಸಿದ್ದೇನೋ ನಿಜವಂತೆ. ನನಗೆ ಕಥೆಗಿಂತ ಆ ಒಂದೆರಡು ಚೀಲವೇ ಹೆಚ್ಚು ಇಷ್ಟ. 1971ರ ಸೆಪ್ಟೆಂಬರಿನಲ್ಲಿ ನಗರಸಭೆ, ಮುಖ್ಯ ವ್ಯಾಪಾರ ಬೀದಿಗಳ ಫುಟ್‌ಪಾತು ಅಂಗವಿಕಲರ ಓಡಾಟಕ್ಕೂ ಅನುವಾಗಬೇಕೆಂದು ನಿರ್ಣಯ ಮಾಡಿತು. ಕೆಲಸ ಮಾಡಲು ನಾಲಾಯಕ್ಕೆಂದು ಹಿಂದೆ ಎಡ್ ಅವರನ್ನು ತಳ್ಳಿಹಾಕಿದ್ದ ರಾಜ್ಯದ ಪುನರ್ವಸತಿ ಇಲಾಖೆಗೆ 1975ರಲ್ಲಿ ಅವರೇ ನಿರ್ದೇಶಕರಾದರು.

ದೇಶದ ಮಟ್ಟದಲ್ಲಿ 1973ರ ಕಾಯ್ದೆಯ 504ನೇ ಸೆಕ್ಷನ್ ಅಂಗವಿಕಲರ ವಿಷಯದಲ್ಲಿ ತಾರತಮ್ಯ ಸಲ್ಲದು ಎಂದಿತ್ತು, ಆದರೆ ಅದರ ನಿಯಮಗಳು ನಾಲ್ಕು ವರ್ಷ ಸಹಿಯಿಲ್ಲದೆ ಬಿದ್ದಿದ್ದವು. 1977ರ ಏಪ್ರಿಲ್ 5ರಂದು ಅಂಗವಿಕಲರ ಹಕ್ಕುಗಳ ಹೋರಾಟಗಾರ್ತಿ ಜೂಡಿ ಹ್ಯೂಮನ್ ಮತ್ತಿತರರು ಸ್ಯಾನ್‌ಫ್ರಾನ್ಸಿಸ್ಕೊದ ಸರ್ಕಾರಿ ಕಚೇರಿಗೆ ನುಗ್ಗಿ ಕೂತರು. ಒಳಗಿನ ಫೋನ್ ಕಡಿದಾಗ ಕಿವುಡರು ಕಿಟಕಿಯಿಂದ ಸನ್ನೆಭಾಷೆಯಲ್ಲೇ ಹೊರಗೆ ಸುದ್ದಿ ಕಳಿಸಿದರು. ಕಪ್ಪು ಜನರ ಹಕ್ಕಿಗಾಗಿ ಹೋರಾಡುತ್ತಿದ್ದ ಬ್ಲ್ಯಾಕ್ ಪ್ಯಾಂಥರ್ಸ್‌ನವರು ಬಿಸಿಯೂಟ ತಂದು ಬಡಿಸಿದರು. ಏಪ್ರಿಲ್ 28ಕ್ಕೆ ಸಹಿ ಬಿತ್ತು.

ಫುಟ್‌ಪಾತಿನ ಇಳಿಜಾರು ನಮ್ಮ ಭಾರತದ ಕಾನೂನಿಗೆ ಬಂದದ್ದು 1995ರ ಅಂಗವಿಕಲರ ಕಾಯ್ದೆಯಲ್ಲಿ. ಜೊತೆಗೊಂದು ಬಾಲವೂ ಇತ್ತು: ‘ಆರ್ಥಿಕ ಸಾಮರ್ಥ್ಯದ ಮಿತಿಯೊಳಗೆ’ ಮಾಡಿದರೆ ಸಾಕು. 2016ರ ಹೊಸ ಕಾಯ್ದೆ, ನಿಯಮ ಪ್ರಕಟವಾದ ಐದು ವರ್ಷದೊಳಗೆ ಹಳೆಯ ಸಾರ್ವಜನಿಕ ಕಟ್ಟಡಗಳೆಲ್ಲ ಸರಿಹೋಗಬೇಕೆಂದು ಗಡುವು ಹಾಕಿತು. ನಿಯಮ ಪ್ರಕಟವಾದದ್ದು 2017ರ ಜೂನ್‌ನಲ್ಲಿ.