ತೆರಿಗೆಯ ಲೆಕ್ಕ, ಅವಸರದ ತೀರ್ಮಾನ

‘ಇನ್‌ಕಮ್ ಟ್ಯಾಕ್ಸ್ ಕಟ್ಟಾವ್ರು ಕೆಲವೇ ಮಂದಿ. ಸರಕಾರದ ಸವಲತ್ತು ತಗೊಳ್ಳಾವ್ರು ಊರೆಲ್ಲ. ಅಂದ್ರ ದುಡದು ಹಾಕಾವ್ರು ಒಬ್ರು, ಕುಂತು ತಿನ್ನಾವ್ರು ಇನ್ನೊಬ್ರು.’ ಬಾಗಲಕೋಟೆ ಜಿಲ್ಲೆಯ ನೇಕಾರರ ಊರು ರಬಕವಿ-ಬನಹಟ್ಟಿಯ ಚಹಾದಂಗಡಿಗಳಲ್ಲಿ ಈ ಮಾತು ಕೇಳದವರಿಲ್ಲ. ಹೇಳುವವರು ಸುಳ್ಳು ಹೇಳುತ್ತಿಲ್ಲ. ಆದಾಯ ತೆರಿಗೆ ಕಟ್ಟುವವರು ಕಡಿಮೆ ಎಂಬುದು ನಿಜ, ಸವಲತ್ತು ಬಹಳ ಜನರಿಗೆ ಸಿಗುತ್ತದೆ ಎಂಬುದೂ ನಿಜ. ಆದರೆ ಈ ಎರಡು ನಿಜಗಳನ್ನು ಕೂಡಿಸಿದರೂ ಮೂರನೆಯ ಮಾತು ಹುಟ್ಟುವುದಿಲ್ಲ.

ಎಫ್‌ಡಿಎ, ಪಿಎಸ್‌ಐ, ಬ್ಯಾಂಕ್ ಪರೀಕ್ಷೆಗಳಿಗೆ ಓದುವ ನಮ್ಮ ಹುಡುಗ ಹುಡುಗಿಯರು ‘ಹೇಳಿಕೆ ಮತ್ತು ತೀರ್ಮಾನ’ ಎಂಬ ಪ್ರಶ್ನೆಗಳನ್ನು ದಿನವೂ ಬಿಡಿಸುತ್ತಾರೆ. ಅಲ್ಲಿನ ನಿಯಮ ಸರಳ: ಹೇಳಿಕೆಯಲ್ಲಿ ಇಲ್ಲದ್ದನ್ನು ತೀರ್ಮಾನದೊಳಗೆ ತುರುಕಬಾರದು. ತೆರಿಗೆಯ ನ್ಯಾಯ ಅನ್ಯಾಯದ ಮಾತು ಬಂದಾಗ ಮಾತ್ರ ಈ ನಿಯಮ ಎಲ್ಲರಿಗೂ ಮರೆತುಹೋಗುತ್ತದೆ. ಹಾಗೆ ಮರೆತಾಗ ಪೆಟ್ಟು ಬೀಳುವುದು ಬಹುಪಾಲು ಮಜೂರಿ ನೇಕಾರರ ಮೇಲೆ. ಆದ್ದರಿಂದಲೇ ಇದನ್ನು ಬಿಡಿಸಿ ನೋಡಬೇಕು ಅನ್ನಿಸಿತು.

ತಪ್ಪು ಕಲ್ಪನೆ: ಬಡವರು ತೆರಿಗೆ ಕಟ್ಟುವುದಿಲ್ಲ

ಮಜೂರಿ ಮೇಲೆ ಮಗ್ಗ ನಡೆಸುವವರ ಮನೆಗೆ ಬರುವ ಬಿಡಿ ಜೋಳಕ್ಕೆ ಜಿಎಸ್‌ಟಿ ಇಲ್ಲ. ಹಾಲಿಗೂ ಇಲ್ಲ. ಸಕ್ಕರೆ, ಚಹಾಪುಡಿ, ಅಡುಗೆ ಎಣ್ಣೆಗೆ ನೂರಕ್ಕೆ 5 ರೂಪಾಯಿ ಇದೆ. ಮೊಬೈಲ್ ರೀಚಾರ್ಜ್‌ಗೆ 18 ಇದೆ. 2022ರ ಜುಲೈ 18ರಿಂದ, 25 ಕಿಲೋವರೆಗಿನ ಲೇಬಲ್ ಹಚ್ಚಿದ ಚೀಲದಲ್ಲಿ ಬಂದರೆ ಅದೇ ಜೋಳಕ್ಕೂ 5 ಬೀಳುತ್ತದೆ. ಪೆಟ್ರೋಲು, ಡೀಸೆಲ್ ಜಿಎಸ್‌ಟಿಯ ಹೊರಗಿವೆ; ಅವುಗಳ ಮೇಲೆ ಕೇಂದ್ರದ ಅಬಕಾರಿ ಸುಂಕವೂ ರಾಜ್ಯದ ಮಾರಾಟ ತೆರಿಗೆಯೂ ಇವೆ. ಬೈಕ್ ಇಲ್ಲದವರೂ ಬಸ್ಸಿನ ಟಿಕೆಟ್ಟಿನಲ್ಲಿ, ತರಕಾರಿ ತಂದ ಟೆಂಪೋದ ಬಾಡಿಗೆಯಲ್ಲಿ ಅದರ ಭಾರ ಹೊರುತ್ತಾರೆ.

ಒಂದು ಲೆಕ್ಕ ಹಾಕೋಣ. ಒಂದು ಮನೆಗೆ ತಿಂಗಳಿಗೆ 15,000 ರೂಪಾಯಿ ಬರುತ್ತದೆ, ಅಷ್ಟೂ ಖರ್ಚಾಗುತ್ತದೆ ಎಂದಿಟ್ಟುಕೊಳ್ಳಿ. ಇನ್ನೊಂದು ಮನೆಗೆ 1,50,000 ಬರುತ್ತದೆ, ಅದರಲ್ಲಿ 60,000 ಖರ್ಚಾಗುತ್ತದೆ. ಖರ್ಚಿನ ನೂರು ರೂಪಾಯಿಯಲ್ಲಿ ಸರಾಸರಿ 6 ರೂಪಾಯಿ ಜಿಎಸ್‌ಟಿ ಎಂದರೆ ಮೊದಲ ಮನೆ 900, ಎರಡನೆಯದು 3,600 ಕೊಟ್ಟಂತಾಯಿತು. ರೂಪಾಯಿಯಲ್ಲಿ ಎರಡನೆಯ ಮನೆಯದು ನಾಲ್ಕು ಪಟ್ಟು. ಆದಾಯದ ಪಾಲಿನಲ್ಲಿ ನೋಡಿದರೆ ಮೊದಲ ಮನೆಯದು ಶೇ. 6, ಎರಡನೆಯದು ಶೇ. 2.4.

ಇಷ್ಟು ಕೇಳಿದ ಕೂಡಲೇ ಕೆಲವರು ಎದುರು ದಂಡೆಗೆ ಜಿಗಿಯುತ್ತಾರೆ: ‘ಹಂಗಾದ್ರ ಬಡವ್ರೇ ಹೆಚ್ಚು ಟ್ಯಾಕ್ಸ್ ಕಟ್ಟತಾರ.’ ಅದೂ ಹೊರಡುವುದಿಲ್ಲ. ಎರಡನೆಯ ಮನೆಯವರು ಪ್ರಾಮಾಣಿಕವಾಗಿ ಆದಾಯ ತೆರಿಗೆ ಕಟ್ಟಿದರೆ ಎರಡೂ ಕೂಡಿ ಪಾಲಿನ ಲೆಕ್ಕದಲ್ಲೂ ಅವರದೇ ಹೆಚ್ಚಾಗುತ್ತದೆ. ಆದಾಯ ಮುಚ್ಚಿಟ್ಟರೆ ಪಾಲಿನ ಲೆಕ್ಕದಲ್ಲಿ ಬಡವರದು ಹೆಚ್ಚು. ಉಳಿತಾಯ ಮಾಡಿದ ದುಡ್ಡು ಮುಂದೊಂದು ದಿನ ಖರ್ಚಾದಾಗ ಅದಕ್ಕೂ ಜಿಎಸ್‌ಟಿ ಬೀಳುತ್ತದೆ ಎಂಬುದನ್ನೂ ಮರೆಯಬಾರದು. ಈ ಅಂಕಿಗಳಿಂದ ಖಂಡಿತವಾಗಿ ಹೇಳಬಹುದಾದದ್ದು ಒಂದೇ: ತೆರಿಗೆ ಕಟ್ಟದ ಮನೆ ನಮ್ಮ ಊರಲ್ಲಿಲ್ಲ. ‘ಕುಂತು ತಿನ್ನಾವ್ರು’ ಎಂಬ ಮಾತಿಗೆ ಅಷ್ಟರಿಂದಲೇ ಬುಡ ಇಲ್ಲದಂತಾಗುತ್ತದೆ.

ತಪ್ಪು ಕಲ್ಪನೆ: ನೂಲಿನ ತೆರಿಗೆ ಇಳಿಸಿ ನೇಕಾರರ ಕಡೆಯಿಂದ ಹೆಚ್ಚು ವಸೂಲಿ ಮಾಡುತ್ತಿದ್ದಾರೆ

ಇದು ಪಾವರ್‌ಲೂಮ್ ಮಾಲಕರಲ್ಲಿ ಹುಟ್ಟುವ ಅನುಮಾನ. ಅದಕ್ಕೆ ಕಾರಣವೂ ಇದೆ.

2017ರ ಜುಲೈ 1ರಂದು ಜಿಎಸ್‌ಟಿ ಬಂದಾಗ ಬಟ್ಟೆಗೆ ಶೇ. 5 ಇತ್ತು, ಹತ್ತಿ ನೂಲಿಗೂ ಶೇ. 5. ಪಾಲಿಸ್ಟರ್, ರೇಯಾನ್ ನೂಲಿಗೆ ಮಾತ್ರ ಶೇ. 18 ಹಾಕಿದರು. ಅದೇ ವರ್ಷದ ಅಕ್ಟೋಬರಿನಲ್ಲಿ ಅದು 12ಕ್ಕೆ ಇಳಿಯಿತು. ಹೀಗೆ ಕಚ್ಚಾ ಮಾಲಿಗೆ ಹೆಚ್ಚು, ಸಿದ್ಧ ಮಾಲಿಗೆ ಕಡಿಮೆ ಎಂಬ ತಿರುಗುಮುರುಗು ದರ ಉಳಿದುಕೊಂಡಿತು.

ಆಗಿನ ಬಿಲ್ಲು ಎದುರಿಗಿಟ್ಟುಕೊಂಡು ನೋಡೋಣ. ಒಂದು ಲಕ್ಷ ರೂಪಾಯಿಯ ಪಾಲಿಸ್ಟರ್ ನೂಲು ತಂದರೆ ಜಿಎಸ್‌ಟಿ 12,000. ಅದನ್ನು ಸೀರೆ ಮಾಡಿ ಒಂದೂವರೆ ಲಕ್ಷಕ್ಕೆ ಮಾರಿದರೆ ಗಿರಾಕಿಯಿಂದ ಬರುವ ಜಿಎಸ್‌ಟಿ 7,500. ನೂಲಿಗೆ ಕೊಟ್ಟ 12,000ದಲ್ಲಿ 7,500 ವಜಾ ಆಗುತ್ತದೆ, 4,500 ಹೆಚ್ಚುವರಿ ಉಳಿಯುತ್ತದೆ. 2018ರ ಜುಲೈ ಕೊನೆಯವರೆಗೆ ಬಟ್ಟೆ ನೇಯುವವರಿಗೆ ಈ ಹೆಚ್ಚುವರಿ ಮರಳಿ ಸಿಗುತ್ತಲೇ ಇರಲಿಲ್ಲ. ಅಲ್ಲಿಯತನಕ ಕೂಡಿದ್ದನ್ನು ರದ್ದು ಮಾಡಿದರು. ಆಗಸ್ಟ್ 1ರಿಂದ ಅರ್ಜಿ ಹಾಕಿ ರೀಫಂಡ್ ಪಡೆಯುವ ದಾರಿ ತೆರೆಯಿತು. ದಾರಿ ತೆರೆದರೂ ದುಡ್ಡು ಬರುವತನಕ ಕಾಯಬೇಕಿತ್ತು. ನಾಲ್ಕಾರು ಮಗ್ಗ ಇಟ್ಟುಕೊಂಡವರಿಗೆ ಆ 4,500 ಅಂದರೆ ಮುಂದಿನ ಬೀಮಿನ (ಹಾಸುನೂಲಿನ ಸುರುಳಿಯ) ಬಂಡವಾಳದ ಒಂದು ಭಾಗ.

2025ರ ಸೆಪ್ಟೆಂಬರ್ 22ರಿಂದ ಈ ನೂಲಿಗೂ ಶೇ. 5 ಆಯಿತು. ಈಗ ಅದೇ ಬಿಲ್ಲಿನಲ್ಲಿ ನೂಲಿಗೆ ಕೊಡುವುದು 5,000, ಗಿರಾಕಿಯಿಂದ ಬರುವುದು 7,500. ವ್ಯತ್ಯಾಸದ 2,500ವನ್ನು ಮಾಲಕರು ನಗದಾಗಿ ಕಟ್ಟಬೇಕು. ‘ಮೊದಲು ಸರಕಾರದಿಂದ ನಮಗ ಬರತಿತ್ತು, ಈಗ ನಮ್ಮಿಂದ ಅವರು ಇಸಕೊಳ್ಳತಾರ’ ಎನ್ನುವ ಮಾತು ಹುಟ್ಟುವುದು ಇಲ್ಲಿ. ಆದರೆ ಒಟ್ಟು ಕೂಡಿಸಿ. ಮೊದಲು ಕೊಟ್ಟ 12,000ದಲ್ಲಿ 4,500 ರೀಫಂಡ್ ಬಂದರೆ ಆ ಸೀರೆಗಳ ಮೇಲಿನ ತೆರಿಗೆ 7,500. ಈಗ ನೂಲಿನ ಹಂತದಲ್ಲಿ 5,000, ಬಟ್ಟೆಯ ಹಂತದಲ್ಲಿ 2,500, ಕೂಡಿದರೆ ಅದೇ 7,500. ತೆರಿಗೆ ಏರಿಲ್ಲ, ಕಟ್ಟುವ ಹೊತ್ತು ಬದಲಾಗಿದೆ, ಮತ್ತು ಬದಲಾದದ್ದು ನೇಯುವವರಿಗೆ ಅನುಕೂಲವಾಗುವಂತೆ. ರೀಫಂಡ್ ಸಿಗದೇ ಹೋಗಿದ್ದವರಿಗಂತೂ ಇದು ನೇರ ಉಳಿತಾಯ.

ಈ ಕಥೆಯಲ್ಲಿ ನನಗೆ ಬಹಳ ಮುಖ್ಯ ಅನ್ನಿಸುವ ಸಂಗತಿ ಬೇರೆಯೇ ಇದೆ. ‘ನೂಲಿಗೆ ಹೆಚ್ಚು, ಬಟ್ಟೆಗೆ ಕಡಿಮೆ ದರ ಇರುವುದು ಸರಿಯಲ್ಲ’ ಎಂಬುದನ್ನು ನೇಕಾರರೂ ಒಪ್ಪಿದ್ದರು, ಜಿಎಸ್‌ಟಿ ಮಂಡಳಿಯೂ ಒಪ್ಪಿತ್ತು. ಆ ಒಂದೇ ಮಾತಿನಿಂದ 2021ರಲ್ಲಿ ಹೊರಟ ತೀರ್ಮಾನ: ಬಟ್ಟೆಯನ್ನೂ 12ಕ್ಕೆ ಏರಿಸೋಣ. 2022ರ ಜನವರಿ 1ರಿಂದ ಜಾರಿ ಎಂದು ಅಧಿಸೂಚನೆಯೂ ಹೊರಬಿತ್ತು. ವಿರೋಧ ಎದ್ದಿತು. ಡಿಸೆಂಬರ್ 31ರಂದು, ಜಾರಿಗೆ ಒಂದು ದಿನ ಬಾಕಿ ಇರುವಾಗ, ಮಂಡಳಿ ಅದನ್ನು ಮುಂದೂಡಿತು. 2025ರಲ್ಲಿ ಅದೇ ಮಾತಿನಿಂದ ತದ್ವಿರುದ್ಧ ತೀರ್ಮಾನ: ನೂಲನ್ನೇ 5ಕ್ಕೆ ಇಳಿಸೋಣ. ಒಂದೇ ಹೇಳಿಕೆ, ಎರಡು ತೀರ್ಮಾನ. ದರ ಸಮ ಇರಬೇಕು ಎಂಬ ಹೇಳಿಕೆಯೊಳಗೆ ಎಷ್ಟಕ್ಕೆ ಸಮ ಎಂಬುದು ಇರಲೇ ಇಲ್ಲ. ಅದನ್ನು ಬೇರೆ ಪ್ರಶ್ನೆಯಾಗಿ ಕೇಳಬೇಕಿತ್ತು: ಈ ಭಾರ ಹೊರುವ ಶಕ್ತಿ ಯಾರಿಗಿದೆ, ಮಗ್ಗದವರಿಗೋ, ಸೀರೆ ಉಡುವವರಿಗೋ, ಖಜಾನೆಗೋ? ಹೋರಾಟಕ್ಕೆ ಇಳಿಯುವಾಗ ‘ತಾರತಮ್ಯ ಹೋಗಲಿ’ ಎಂದಷ್ಟೇ ಮನವಿ ಬರೆದುಕೊಟ್ಟರೆ ಅದಕ್ಕೆ ಉತ್ತರವಾಗಿ 12 ಬರಬಹುದು ಎಂಬುದು ನಮ್ಮ ನೇಕಾರ ಸಂಘಟನೆಗಳು ನೆನಪಿಡಬೇಕಾದ ಪಾಠ.

ತಪ್ಪು ಕಲ್ಪನೆ: 12 ಲಕ್ಷ ದಾಟಿದರೆ, ದಾಟಿದಷ್ಟಕ್ಕೆ ಮಾತ್ರ ತೆರಿಗೆ

ಆದಾಯ ತೆರಿಗೆಯ ಹೊಸ ಪದ್ಧತಿಯಲ್ಲಿ 2025–26ರಿಂದ ತೆರಿಗೆಯೇ ಇಲ್ಲದ ಮಟ್ಟ 4 ಲಕ್ಷದವರೆಗೆ ಮಾತ್ರ. ಅದರ ಮೇಲೆ 8 ಲಕ್ಷದವರೆಗೆ ಶೇ. 5, 12 ಲಕ್ಷದವರೆಗೆ ಶೇ. 10, 16 ಲಕ್ಷದವರೆಗೆ ಶೇ. 15. ಆದಾಯ 12 ಲಕ್ಷದೊಳಗಿದ್ದರೆ ಬರುವ 60,000ದಷ್ಟು ತೆರಿಗೆಯನ್ನು ರಿಯಾಯಿತಿಯಾಗಿ ಬಿಡುತ್ತಾರೆ. ದಾಟಿದರೆ ಆ ರಿಯಾಯಿತಿ ಇಲ್ಲ. 13 ಲಕ್ಷ ಆದಾಯದ ಅಂಗಡಿಕಾರರು ಒಂದು ಲಕ್ಷದ ಮೇಲಿನ 15,000 ಅಲ್ಲ, 75,000 ಕಟ್ಟಬೇಕು, ಮೇಲೆ ಶೇ. 4 ಸೆಸ್ ಬೇರೆ. ಇದರ ಉಲ್ಟಾ ಭಯವೂ ಇದೆ: ಹತ್ತು ಸಾವಿರ ಹೆಚ್ಚು ಗಳಿಸಿದರೆ ಅರವತ್ತು ಸಾವಿರ ಹೋಗುತ್ತದೆ ಎಂದು. ಅದೂ ತಪ್ಪು. 12,10,000 ಆದಾಯಕ್ಕೆ ತೆರಿಗೆ 10,000 ಮತ್ತು ಸೆಸ್ 400 ಮಾತ್ರ. ಗಡಿಯ ಹತ್ತಿರ ಇರುವವರಿಗೆ ಅಂಥ ವಿನಾಯಿತಿ ಇದೆ.

ತಪ್ಪು ಕಲ್ಪನೆ: ಕೃಷಿ ಆದಾಯಕ್ಕೆ ತೆರಿಗೆ ಹಾಕಲು ಸಂವಿಧಾನದಲ್ಲಿ ಅವಕಾಶವಿಲ್ಲ

ಮುಧೋಳ, ಜಮಖಂಡಿ ಕಡೆ ಕಬ್ಬಿನ ಬಿಲ್ಲು ಬರುವ ಕಾಲಕ್ಕೆ ಈ ಚರ್ಚೆ ಏಳುತ್ತದೆ. ಸಂವಿಧಾನ ಈ ಅಧಿಕಾರವನ್ನು ರಾಜ್ಯಗಳಿಗೆ ಕೊಟ್ಟಿದೆ, ಕೇಂದ್ರಕ್ಕಲ್ಲ, ಅಷ್ಟೇ. 1972ರಲ್ಲಿ ಕೆ. ಎನ್. ರಾಜ್ ಸಮಿತಿ ಹಿಡುವಳಿಯ ಆಧಾರದ ಮೇಲೆ ತೆರಿಗೆ ಹಾಕುವ ಸಲಹೆಯನ್ನೂ ಕೊಟ್ಟಿತ್ತು. ‘ಸಣ್ಣ ರೈತರು ಕಷ್ಟದಲ್ಲಿದ್ದಾರೆ’ ಎಂಬ ನಿಜದಿಂದ ‘ದೊಡ್ಡ ಹಿಡುವಳಿಗೂ ತೆರಿಗೆ ಬೇಡ’ ಎಂಬ ತೀರ್ಮಾನ ಬರುವುದಿಲ್ಲ. ಗೊಬ್ಬರಕ್ಕೆ ಕೊಟ್ಟ ಜಿಎಸ್‌ಟಿಯನ್ನು ವ್ಯಾಪಾರಿಯಂತೆ ವಜಾ ಮಾಡಿಕೊಳ್ಳಲಾಗದ ರೈತರನ್ನು ‘ತೆರಿಗೆ ಕಟ್ಟದವರು’ ಎನ್ನುವುದೂ ಸಲ್ಲ.

ತಪ್ಪು ಕಲ್ಪನೆ: ಯಾರು ಕೊಟ್ಟರೋ ಅವರಿಗೇ ಮರಳಿ ಬರುವುದು ನ್ಯಾಯ

2024ರ ಫೆಬ್ರುವರಿ 7ರಂದು ಕರ್ನಾಟಕದ ಮಂತ್ರಿಮಂಡಲವೇ ದೆಹಲಿಯ ಜಂತರ್ ಮಂತರ್‌ನಲ್ಲಿ ಧರಣಿ ಕೂತಿತ್ತು. ‘ನನ್ನ ತೆರಿಗೆ ನನ್ನ ಹಕ್ಕು’ ಎಂಬ ಘೋಷಣೆ ರಬಕವಿಯತನಕ ಬಂತು. ರಾಜ್ಯದ ದೂರಿನಲ್ಲಿ ಸತ್ಯ ಇತ್ತು. ಕೇಂದ್ರ ಹಂಚುವ ತೆರಿಗೆಯಲ್ಲಿ ಕರ್ನಾಟಕದ ಪಾಲು 14ನೇ ಹಣಕಾಸು ಆಯೋಗದಲ್ಲಿ ಶೇ. 4.713 ಇದ್ದದ್ದು 15ನೆಯದರಲ್ಲಿ ಶೇ. 3.647ಕ್ಕೆ ಇಳಿದಿತ್ತು. ಸೆಸ್ ಮತ್ತು ಸರ್ಚಾರ್ಜ್ ಹಂಚಿಕೆಯ ಗಂಟಿಗೆ ಬೀಳುವುದೇ ಇಲ್ಲ. 14ನೇ ಆಯೋಗ 2011ರ ಜನಗಣತಿಯ ಜೊತೆಗೆ 1971ರದ್ದನ್ನೂ ಲೆಕ್ಕಕ್ಕೆ ಹಿಡಿದಿತ್ತು; 15ನೆಯದು 2011ರದ್ದನ್ನಷ್ಟೇ ಹಿಡಿದಾಗ ಜನಸಂಖ್ಯೆ ಹಿಡಿತದಲ್ಲಿಟ್ಟ ರಾಜ್ಯಗಳಿಗೆ ಹೊಡೆತ ಬಿತ್ತು. ಈ ಮೂರರ ಮೇಲೂ ಗಟ್ಟಿಯಾಗಿ ವಾದಿಸಬಹುದು.

ಆದರೆ ‘ಕೊಟ್ಟವರಿಗೇ ಮರಳಲಿ’ ಎಂಬುದನ್ನು ನಿಯಮವಾಗಿ ಒಪ್ಪಿಕೊಂಡು ಅದನ್ನು ಕೊನೆಯತನಕ ಎಳೆದುಕೊಂಡು ಹೋಗಿ ನೋಡಿ. ರಾಜ್ಯದ ತೆರಿಗೆಯ ಬಹುದೊಡ್ಡ ಪಾಲು ಹುಟ್ಟುವುದು ಬೆಂಗಳೂರಿನಲ್ಲಿ. ಈ ನಿಯಮ ದೆಹಲಿ ಮತ್ತು ಕರ್ನಾಟಕದ ನಡುವೆ ನ್ಯಾಯ ಆಗುವುದಾದರೆ ಬೆಂಗಳೂರು ಮತ್ತು ಬಾಗಲಕೋಟೆಯ ನಡುವೆಯೂ ನ್ಯಾಯವೇ ಆಗಬೇಕು. ಆಗ ನೇಕಾರ ಸಮ್ಮಾನ್ ಯೋಜನೆಯ ದುಡ್ಡು, ಮಗ್ಗದ ಕರೆಂಟಿನ ರಿಯಾಯಿತಿ, ಬೀಳಗಿ ತಾಲ್ಲೂಕಿನ ಶಾಲೆಯ ಕೋಣೆ, ಇವೆಲ್ಲ ‘ಬೇರೆಯವರ ತೆರಿಗೆ’ ಎನಿಸಿಕೊಳ್ಳುತ್ತವೆ. ಚಹಾದಂಗಡಿಯ ಆ ಮೊದಲ ಮಾತು, ದುಡಿದು ಹಾಕುವವರು ಮತ್ತು ತಿನ್ನುವವರು ಎಂಬುದು, ಈ ಸಲ ನಮ್ಮ ಇಡೀ ಊರಿನ ಮೇಲೆಯೇ ತಿರುಗುತ್ತದೆ.

ರಬಕವಿಗೆ ಒಪ್ಪುವ ವಾದ ಬೇರೆ ಇದೆ. 15ನೇ ಆಯೋಗದ ಸೂತ್ರದಲ್ಲಿ ಶೇ. 45ರಷ್ಟು ತೂಕ ಇದ್ದದ್ದು ರಾಜ್ಯದ ತಲಾ ಆದಾಯ ಮುಂದಿರುವ ರಾಜ್ಯಕ್ಕಿಂತ ಎಷ್ಟು ಹಿಂದಿದೆ ಎಂಬುದಕ್ಕೆ. ಬೆಂಗಳೂರಿನ ಗಳಿಕೆ ಕರ್ನಾಟಕದ ಸರಾಸರಿಯನ್ನು ಮೇಲೆತ್ತುತ್ತದೆ. ಆ ಸರಾಸರಿಯಲ್ಲಿ ಬನಹಟ್ಟಿಯ ಮಜೂರಿ ನೇಕಾರರೂ ಶ್ರೀಮಂತ ರಾಜ್ಯದವರಾಗಿ ಬಿಡುತ್ತಾರೆ, ಅವರ ಹೆಸರಿನಲ್ಲಿ ಬರಬೇಕಾದ ಪಾಲು ಕಡಿಮೆಯಾಗುತ್ತದೆ. ಸರಾಸರಿಯ ಕೆಳಗೆ ಉಳಿದ ಜಿಲ್ಲೆಗಳನ್ನು ಸೂತ್ರ ಕಾಣಬೇಕು ಎಂದು ಕೇಳುವುದು, ಇಲ್ಲದವರಿಗೆ ಹೆಚ್ಚು ಸಿಗಲಿ ಎಂಬ ತತ್ವವನ್ನು ಮುರಿಯುವುದಿಲ್ಲ; ಅದನ್ನೇ ಇನ್ನಷ್ಟು ಸರಿಯಾಗಿ ನಡೆಸಿ ಎಂದು ಕೇಳುತ್ತದೆ.

ಮತ್ತು ಆ ಮಾತನ್ನು ದೆಹಲಿಗೆ ಹೇಳಿದವರು ವಿಧಾನಸೌಧಕ್ಕೂ ಹೇಳಬೇಕಾಗುತ್ತದೆ. ಡಿ. ಎಂ. ನಂಜುಂಡಪ್ಪ ಸಮಿತಿ 2002ರಲ್ಲೇ ರಾಜ್ಯದ 114 ತಾಲ್ಲೂಕುಗಳನ್ನು ಹಿಂದುಳಿದವು ಎಂದು ಗುರುತಿಸಿ, ಅವುಗಳಿಗೆ ಹೆಚ್ಚಿನ ಹಣ ಹರಿಸಬೇಕೆಂದು ಲೆಕ್ಕ ಹಾಕಿ ಕೊಟ್ಟಿತ್ತು. ಊರುಗಳಿಗೆ ಎಷ್ಟು ಪಾಲು ಎಂದು ಶಿಫಾರಸು ಮಾಡಲು ರಾಜ್ಯ ಹಣಕಾಸು ಆಯೋಗ ಎಂಬುದನ್ನು ಸಂವಿಧಾನವೇ ಇಟ್ಟಿದೆ. ರಬಕವಿ-ಬನಹಟ್ಟಿ ನಗರಸಭೆ ತನ್ನ ಮಗ್ಗಗಳ, ಮಜೂರಿಯ, ಮನೆಗಳ ಲೆಕ್ಕ ಹಿಡಿದುಕೊಂಡು ಮೊದಲು ಹೋಗಬೇಕಾದದ್ದು ಅಲ್ಲಿಗೆ.